ಗುರುಪೂಜೆಯ ದಿನ ಬಂದ ಹುಲಿ

ರೈಲು ಲೋಪ್‌ಬುರಿ ದಾಟುವಷ್ಟರಲ್ಲಿ ಮೊಟ್ ಒಬ್ಬನ ಹಲ್ಲು ಮುರಿದಿದ್ದ.

ಕಾರಣ ಅಂಥ ದೊಡ್ಡದೇನಲ್ಲ. ಎದುರಿಗೆ ಕೂತಿದ್ದ ಲಾರಿ ಡ್ರೈವರೊಬ್ಬ ರೈಲು ಹತ್ತುವ ಮೊದಲೇ ಗಂಟಲಿಗೆ ಒಂದಿಷ್ಟು ಹೆಂಡ ಇಳಿಸಿಕೊಂಡಿದ್ದ. ಮೊಟ್‌ನ ಬಲ ಮುಂಗೈಗೆ ದಪ್ಪಗೆ ಸುತ್ತಿದ್ದ ಬಟ್ಟೆಯನ್ನು ನೋಡಿ, "ಏನೋ ತಮ್ಮಾ, ಹೆಂಡ್ತಿ ಕಚ್ಚಿದ್ಲಾ?" ಎಂದು ಅದನ್ನು ಬೆರಳಿನಿಂದ ತಿವಿದ. ಮೊಟ್‌ನ ಎಡಗೈ ಮುಷ್ಟಿ ಮೇಲೆದ್ದಿತು. ಪಕ್ಕದಲ್ಲಿದ್ದ ಅಣ್ಣ ತವಿನ್ ಅವನ ನಡು ಹಿಡಿದು ಎಳೆಯುವಷ್ಟರಲ್ಲಿ ಡ್ರೈವರನ ಅಂಗಿಯ ಮೇಲೆ ರಕ್ತ, ರಕ್ತದಲ್ಲೊಂದು ಹಲ್ಲು.

ತವಿನ್ ಹಣೆಯವರೆಗೆ ಕೈಯೆತ್ತಿ ಮುಗಿದ. "ತಪ್ಪಾಯ್ತು ಅಣ್ಣಾ. ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ. ಇವನ ತಲೆ ನೆಟ್ಟಗಿಲ್ಲ."

"ನಿಮ್ಮಪ್ಪ ಹೋದ್ರೆ ನನ್ನ ಹಲ್ಲೇನು ಮಾಡಿತ್ತಯ್ಯ?" ಎಂದ ಡ್ರೈವರ್, ವಸಡು ಒತ್ತಿಕೊಂಡು. ತವಿನ್‌ನ ಕತ್ತಿನಿಂದ ಇಣುಕುತ್ತಿದ್ದ ಹುಲಿಯ ಬಾಲದ ಹಚ್ಚೆ ಕಂಡಮೇಲೆ ಅವನು ಮಾತು ಬೆಳೆಸದೆ ಎದ್ದು ಬೇರೆ ಡಬ್ಬಿಗೆ ಹೋದ.

"ಪುಣ್ಯದ ಕೆಲಸಕ್ಕೆ ಹೊರಟಿದ್ದೀವಿ ಕಣೋ" ಎಂದ ತವಿನ್.

ಮೊಟ್ ಕಿಟಕಿಯ ಕಡೆ ತಿರುಗಿದ. ಮೊಟ್ ಅಂದರೆ ಅವರ ಮಾತಿನಲ್ಲಿ ಇರುವೆ. ಚಿಕ್ಕಂದಿನಲ್ಲಿ ಎತ್ತಿಕೊಂಡವರನ್ನೆಲ್ಲ ಕಚ್ಚುತ್ತಿದ್ದನೆಂದು ಅಪ್ಪ ಇಟ್ಟ ಹೆಸರು. ಮುಂಗೈಗೆ ಏನಾಯಿತೆಂದು ತವಿನ್ ಬೆಳಿಗ್ಗೆ ಕೇಳಿದಾಗ, ದೋಣಿಯ ಎಂಜಿನ್ನಿನ ಹಗ್ಗ ಎಳೆಯುವಾಗ ಉಳುಕಿತು ಅಂದಿದ್ದ. ತವಿನ್ ನಂಬಿದ್ದ. ಈ ಸಲ ಗುರುಪೂಜೆಗೆ ನಾನೂ ಬರ್ತೀನಿ ಎಂದು ತಮ್ಮ ತಾನಾಗಿಯೇ ಹೇಳಿದ್ದೇ ಅವನಿಗೆ ಮಳೆ ಬಂದಷ್ಟು ಸಮಾಧಾನವಾಗಿತ್ತು.

ಅಯುತ್ತಾಯದಲ್ಲಿ ಇಳಿದವರಲ್ಲಿ ಅರ್ಧಕ್ಕರ್ಧ ಅದೇ ಯಾತ್ರೆಯವರು. ಕೊರಳ ತುಂಬ ತಾಯಿತ, ತೋಳ ತುಂಬ ಮಂತ್ರಾಕ್ಷರದ ಯಂತ್ರಗಳ ಹಚ್ಚೆ. ನಿಲ್ದಾಣದ ಎದುರಿನ ಓಣಿಯಲ್ಲಿ ನಡೆದು, ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದಲ್ಲಿ ಅಣ್ಣ ತಮ್ಮ ಶಾವಿಗೆ ಅಂಗಡಿಗೆ ಹೋದರು. ಹಂದಿಯ ರಕ್ತ ಬೆರೆಸಿದ ಕಪ್ಪು ಸಾರು, ಸಣ್ಣ ಬಟ್ಟಲು. ತವಿನ್ ಒಂದರ ಮೇಲೊಂದು ಬಟ್ಟಲು ಪೇರಿಸಿದ. ಮೊಟ್ ಮುಟ್ಟಲಿಲ್ಲ.

ಆಮೇಲೆ ಹಳೆಯ ಊರಿನ ನಡುವೆ ನಡೆದರು. ಬಿಸಿಲಿಗೆ ಇಟ್ಟಿಗೆಯ ಗೋಪುರಗಳು ಒಲೆಯಂತೆ ಕಾದಿದ್ದವು. ಬಿದ್ದ ಗೋಡೆಯೊಂದರ ಉದ್ದಕ್ಕೆ ಬುದ್ಧರ ಸಾಲು; ಒಬ್ಬರಿಗೂ ತಲೆಯಿಲ್ಲ. ಹಿಂದೆಂದೋ ಊರು ಸುಟ್ಟ ದಂಡಿನವರು ಒಂದಷ್ಟು ಕಡಿದರು, ಆಮೇಲೆ ಬಂದ ಕಳ್ಳರು ಉಳಿದದ್ದನ್ನು ಗರಗಸದಲ್ಲಿ ಕೊಯ್ದರು. ತಲೆ ಹೋದರೂ ತೊಡೆಯ ಮೇಲಿನ ಕೈ ಹಾಗೆಯೇ ಇದೆ, ಅಲುಗಿಲ್ಲ. ಅದರ ಮುಂದೆ ಬಂದಾಗಲೆಲ್ಲ ತವಿನ್‌ಗೆ ಎದೆಯೊಳಗೆ ಏನೋ ತಣ್ಣಗೆ ಕೂರುತ್ತಿತ್ತು. ಅವನು ಚಪ್ಪಲಿ ಬಿಟ್ಟು ಮಂಡಿಯೂರಿದ.

"ತಲೆ ಕಡಿದ್ರೂ ಸುಮ್ಮನೆ ಕೂತಿದಾರೆ ನೋಡಣ್ಣಾ" ಎಂದ ಮೊಟ್ ಹಿಂದಿನಿಂದ. "ನಮ್ಮ ಥರಾನೇ."

"ಬಾಯಿ ಮುಚ್ಕೊಂಡು ಕೈ ಮುಗಿ."

"ಮುಗಿದಿದೀನಿ. ಅಪ್ಪನ ಮೈ ತೊಳೆಯುವಾಗಲೂ ಮುಗಿದೇ ಇದ್ದೆ. ನೀನೂ ಮುಗಿದಿದ್ದೆ."

ತವಿನ್ ಎದ್ದು ಚಪ್ಪಲಿ ಮೆಟ್ಟಿಕೊಂಡ.

ಅಪ್ಪ ಚಲೋಮ್ ಸತ್ತದ್ದು ಹೀಗೆ. ಚುಮ್‌ಸೇಂಗ್ ಹೊಳೆಯಲ್ಲಿ ಮರಳು ಹೀರುವ ದೊಡ್ಡ ದೋಣಿಗಳು ಬಂದಮೇಲೆ ದಂಡೆ ಕುಸಿಯತೊಡಗಿತು. ಊರಿನ ಮಸಣ ಹೊಳೆಗೆ ಜಾರಿತು; ಅಜ್ಜ ಅಜ್ಜಿಯರ ಮೂಳೆಗಳು ಮರಳಿನ ಜೊತೆ ಲಾರಿ ಹತ್ತಿದವು. ಚಲೋಮ್ ತನ್ನ ಚಿಕ್ಕ ದೋಣಿಯನ್ನು ಮರಳಿನ ಕೊಳವೆಗೆ ಅಡ್ಡ ಕಟ್ಟಿ ಅದರಲ್ಲಿ ಕೂತುಬಿಟ್ಟ. ದೋಣಿಗಳ ಧಣಿ ಸಿಯಾ ವಿರೋಟ್ ದಡದಲ್ಲಿ ಕೊಡೆ ಹಿಡಿದು ನಿಂತಿದ್ದ. ಅವನ ಬಂಟ ಸಂಗುವಾನ್ ಲಂಗರಿನ ಸರಪಳಿಯಲ್ಲಿ ಚಲೋಮ್‌ನ ಹೊಟ್ಟೆಗೆ, ಬೆನ್ನಿಗೆ, ಮತ್ತೆ ಹೊಟ್ಟೆಗೆ ಹೊಡೆದ. ಕೆಸರಿನಲ್ಲಿ ಬಿದ್ದಿದ್ದವನನ್ನು ತವಿನ್ ಹೊತ್ತು ತಂದಾಗ ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಬೆಳಗಾಗುವವರೆಗೆ ಚಲೋಮ್ ರಕ್ತ ವಾಂತಿ ಮಾಡಿದ. "ಅವನು ಕೊಡೆ ಮಡಿಸ್ಲೇ ಇಲ್ಲ ಕಣೋ" ಎಂದದ್ದೇ ಕೊನೆಯ ಮಾತು. ಸಾಕ್ಷಿಯಿಲ್ಲವೆಂದು ಠಾಣೆಯವರು ಕೈ ತೊಳೆದುಕೊಂಡರು.

ಬೂದಿ ಹೊಳೆಗೆ ಬಿಟ್ಟ ಮೇಲೆ ಮೊಟ್ ಹಟ ಹಿಡಿದ: ನನಗೂ ಬೆನ್ನ ಮೇಲೆ ಹುಲಿಯ ಹಚ್ಚೆ ಬೇಕು. ತವಿನ್ ಅವನನ್ನು ಈ ಊರಿನಂಚಿನ ಹಳೆಯ ವಿಹಾರಕ್ಕೆ, ತನ್ನ ಗುರುವಿನ ಬಳಿಗೇ ಕರೆತಂದಿದ್ದ. ಸುತ್ತಲ ಸೀಮೆಯವರೆಲ್ಲ ಅಜ್ಜಯ್ಯ ಎಂದು ಕರೆಯುವ ಮುದಿ ಭಿಕ್ಷು ಅವರು. ಮೊಟ್‌ನ ಮುಖವನ್ನು ಬಹಳ ಹೊತ್ತು ನೋಡಿ, "ನಿನಗೆ ಹುಲಿ ಬೇಡಪ್ಪ. ಒಳಗಿರೋದಕ್ಕೇ ಜಾಗ ಸಾಲ್ತಿಲ್ಲ" ಎಂದು, ಉದ್ದನೆಯ ಉಕ್ಕಿನ ಸೂಜಿಯಲ್ಲಿ ಗಡ್ಡದ ಋಷಿಯೊಬ್ಬನನ್ನು ಬರೆದಿದ್ದರು. ಚರ್ಮ ಸುಕ್ಕಾಗದಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದಿದ್ದವನು ತವಿನ್.

ವಿಹಾರದ ಬಯಲು ಆಗಲೇ ತುಂಬಿತ್ತು. ಸಾವಿರಾರು ಗಂಡಸರು ನೆಲಕ್ಕೆ ಅಂಟಿ ಕೂತಿದ್ದರು. ಮುಂದೆ ಎತ್ತರದ ಕಟ್ಟೆ, ಕಟ್ಟೆಯ ಮೇಲೆ ಮೊದಲ ಗುರುವಿನ ಕಂಚಿನ ಮೂರ್ತಿ, ಅದರ ಪಕ್ಕ ಅಜ್ಜಯ್ಯ. ಕಟ್ಟೆಯ ಕೆಳಗೆ, ಮೈಮೇಲೆ ಬಂದವರನ್ನು ಹಿಡಿಯುವವರ ಸಾಲು. ಅದು ತವಿನ್‌ನ ಜಾಗ. ವರ್ಷ ವರ್ಷವೂ ಬಂದು ಆ ಸಾಲಿನಲ್ಲಿ ನಿಲ್ಲುತ್ತಿದ್ದ ಅವನನ್ನು ಹುಲಿ ಹಿಡಿಯುವ ತವಿನ್ ಎಂದೇ ಕರೆಯುತ್ತಿದ್ದರು.

"ಬಂದ್ಯಾ? ಹೋದ ಸಲ ಮುರ್ಕೊಂಡ ಪಕ್ಕೆಲುಬು ಕೂಡ್ಕೊಂಡ್ತಾ?" ಎಂದ ಬುನ್‌ಲೇರ್ಟ್ ಮಾವ. ಸಾಲಿನಲ್ಲಿ ಎಲ್ಲರಿಗಿಂತ ಹಳಬ, ಆನೆಯಂಥ ಮೈಯವನು.

"ಕೂಡ್ಕೊಂಡ್ತು ಮಾವ. ನಿಮ್ಮ ಹೊಟ್ಟೆ ಇನ್ನೂ ಮುಂದೆ ಬಂದಿದೆಯಲ್ಲ."

"ಇದು ಹೊಟ್ಟೆಯಲ್ಲವೋ, ಹುಲಿ ಬಂದು ಬಡಿಯೋಕೆ ಇಟ್ಟಿರೋ ಹಾಸಿಗೆ."

ಮೊಟ್‌ನನ್ನು ಮುಂದಿನ ಸಾಲುಗಳಲ್ಲಿ ಕೂರಿಸಿ ತವಿನ್ ತನ್ನ ಜಾಗಕ್ಕೆ ಬಂದ. ಬಿಸಿಲಿಗೆ ಸುತ್ತಲಿನವರೆಲ್ಲ ಅಂಗಿ ಬಿಚ್ಚಿದ್ದರು. ಮೊಟ್ ಬಿಚ್ಚಿರಲಿಲ್ಲ.

ಧ್ವನಿವರ್ಧಕದಲ್ಲಿ ಮಂತ್ರ ಶುರುವಾಯಿತು. ಮೊದಲು ಯಾರದೋ ತೊಡೆ ನಡುಗುತ್ತದೆ, ಆಮೇಲೆ ಭುಜ. ಕಣ್ಣುಗುಡ್ಡೆ ಮೇಲೇರಿ ಬಿಳಿಯಷ್ಟೇ ಉಳಿಯುತ್ತದೆ. ಬೆನ್ನಿನ ಮೇಲೆ ಏನಿದೆಯೋ ಮನುಷ್ಯ ಅದೇ ಆಗಿಬಿಡುತ್ತಾನೆ. ಹುಲಿಯವನು ನಾಲ್ಕು ಕಾಲಲ್ಲಿ ನೆಲ ಕೆರೆದು ನೆಗೆಯುತ್ತಾನೆ, ಹನುಮಂತನವನು ಕುಪ್ಪಳಿಸುತ್ತಾನೆ, ಮೊಸಳೆಯವನು ಹೊಟ್ಟೆಯ ಮೇಲೆ ತೆವಳುತ್ತಾನೆ. ಎಲ್ಲರೂ ನುಗ್ಗುವುದು ಗುರುವಿನ ಕಟ್ಟೆಗೇ. ಋಷಿಯವನು ಮಾತ್ರ ಓಡುವುದಿಲ್ಲ. ನಡು ಬಗ್ಗಿಸಿ, ಇಲ್ಲದ ಕೋಲೂರಿಕೊಂಡು, ಕೆಮ್ಮುತ್ತ ನಿಧಾನವಾಗಿ ಬರುತ್ತಾನೆ. ಹಿಡಿಯುವವರು ಅವರನ್ನು ತಬ್ಬಿ, ನೆಲದಿಂದೆತ್ತಿ, ಎರಡೂ ಕಿವಿ ಹಿಡಿದು ಉಜ್ಜಬೇಕು. ಆಗ ಬಂದದ್ದು ಇಳಿಯುತ್ತದೆ.

ಮೊದಲ ಹುಲಿ ತವಿನ್‌ನ ಎದೆಗೇ ಬಡಿಯಿತು. ಎರಡನೆಯದು ಪಕ್ಕದವನ ತುಟಿ ಸೀಳಿತು. ಒಬ್ಬ ಕಾಡುಹಂದಿಯವನು ತಲೆ ತಗ್ಗಿಸಿ ಬಂದು ಕಬ್ಬಿಣದ ಕಟಾಂಜನಕ್ಕೆ ಗುದ್ದಿಕೊಂಡು ಹಣೆ ಒಡೆದುಕೊಂಡ. ಅದನ್ನು ಒರೆಸಿಕೊಳ್ಳದೆ ಮತ್ತೆ ಗುದ್ದಿದ. ಧೂಳು, ಬೆವರು, ಊದುಬತ್ತಿಯ ಹೊಗೆ, ಗರ್ಜನೆ. ಇದೆಲ್ಲದರ ನಡುವೆ ತವಿನ್ ಪ್ರತಿಯೊಬ್ಬನ ಕಿವಿ ಹಿಡಿದಾಗಲೂ ಮನಸ್ಸಿನಲ್ಲೇ ಬುದ್ಧನ ಹೆಸರು ಹೇಳುತ್ತಿದ್ದ. ತಾಯಿ ಎಚ್ಚರಿಸಿದ ಮಗುವಿನಂತೆ ಅವರು ಕಣ್ಣು ಬಿಡುವುದನ್ನು ನೋಡುವುದಕ್ಕೇ ಅವನು ವರ್ಷವಿಡೀ ಕಾಯುತ್ತಿದ್ದ.

ಆಗ ಕಟ್ಟೆಯ ಮೇಲೆ ಕುರ್ಚಿ ಹಾಕುವ ಸದ್ದಾಯಿತು. ತವಿನ್ ತಿರುಗಿ ನೋಡಿದ. ವಿಹಾರದ ಹೊಸ ಸೂರಿಗೆ ದಾನ ಕೊಟ್ಟವರೊಬ್ಬರನ್ನು ಮಲ್ಲಿಗೆ ಹಾರ ಹಾಕಿ ಕೂರಿಸುತ್ತಿದ್ದರು. ಸಿಯಾ ವಿರೋಟ್. ಹಿಂದೆ ಕಪ್ಪು ಕೋಟಿನ ಸಂಗುವಾನ್, ಧಣಿಯ ತಲೆಯ ಮೇಲೆ ಕೊಡೆ ಹಿಡಿದು.

ತವಿನ್‌ಗೆ ಮೊಟ್ ತಾನಾಗಿಯೇ ಹೊರಟುಬಂದದ್ದು ಯಾಕೆಂದು ಹೊಳೆಯಿತು. ತಮ್ಮ ಕೂತಿದ್ದ ಕಡೆ ನೋಡಿದ. ಮೊಟ್ ಅಲ್ಲಿರಲಿಲ್ಲ.

"ಬಲಗಡೆ, ಹುಲಿ" ಎಂದು ಕೂಗಿದ ಬುನ್‌ಲೇರ್ಟ್ ಮಾವ.

ಬಿಳಿ ಅಂಗಿಯವನೊಬ್ಬ ನಾಲ್ಕು ಕಾಲಲ್ಲಿ, ಗಂಟಲು ಹರಿಯುವಂತೆ ಅರಚುತ್ತ, ಕೂತವರ ತಲೆ ಹೆಗಲು ತುಳಿದು ಬರುತ್ತಿದ್ದ. ಜನ ಕೈಮುಗಿದು ದಾರಿ ಬಿಟ್ಟರು. ತವಿನ್ ಅಭ್ಯಾಸದಂತೆ ಬಗ್ಗಿ ತೋಳು ಚಾಚಿದ. ಆಮೇಲೆ ಮುಖ ಕಂಡಿತು. ಆ ಬೆನ್ನಿನಲ್ಲಿ ಹುಲಿಯಿಲ್ಲ. ಅಲ್ಲಿರುವುದು ಋಷಿ, ಋಷಿ ಓಡುವುದಿಲ್ಲ. ಕಣ್ಣು ಬೆಳ್ಳಗೆ ತಿರುಗಿಲ್ಲ. ಕರಿಯ ಗುಡ್ಡೆಗಳು ಕಟ್ಟೆಯ ಮೇಲಿನ ಹಾರಕ್ಕೇ ನೆಟ್ಟಿವೆ. ಮುಂಗೈಯ ಬಟ್ಟೆ ಬಿಚ್ಚಿ ತೂಗಾಡುತ್ತಿದೆ, ಅಂಗೈಯಲ್ಲಿ ಮೀನು ಸೀಳುವ ಗಿಡ್ಡ ಚೂರಿ.

ಒಂದು ಗೇಣು ಪಕ್ಕಕ್ಕೆ ಸರಿದರೆ ಸಾಕಿತ್ತು. ಹಿಡಿಯುವವನ ಕೈ ಜಾರುವುದು ಹೊಸದೇನಲ್ಲ, ಯಾರೂ ಕೇಳುವುದಿಲ್ಲ. ಸರಪಳಿಯ ಏಟು ತಿಂದ ಅಪ್ಪನ ಹೊಟ್ಟೆ ತವಿನ್‌ನ ಕಣ್ಣಿಗೆ ಕಟ್ಟಿತು. ಹೋಗು ತಮ್ಮಾ, ಎಂದಿತು ಅವನ ಮೈಯ ಒಂದೊಂದು ನರವೂ. ಅಷ್ಟರಲ್ಲಿ ಕೊಡೆ ಕೆಳಗೆ ಬಿತ್ತು. ಸಂಗುವಾನ್‌ನ ಕೈ ಕೋಟಿನೊಳಗೆ ಹೋಗಿತ್ತು.

ತವಿನ್ ಅಡ್ಡ ಬಂದ. ಅಲಗನ್ನು ಬರಿಗೈಯಲ್ಲೇ ಹಿಡಿದ. ಅದು ಅಂಗೈಯನ್ನು ಮೂಳೆಯವರೆಗೆ ಸೀಳಿತು. ಇಬ್ಬರೂ ಧೂಳಿನಲ್ಲಿ ಉರುಳಿದರು. ಮೊಟ್ ತಲೆಯಿಂದ ಗುದ್ದಿದ ರಭಸಕ್ಕೆ ಅಣ್ಣನ ಮೂಗು ಕಡ್ಡಿ ಮುರಿದಂತೆ ಮುರಿಯಿತು. ತವಿನ್ ತಮ್ಮನ ಮಣಿಕಟ್ಟನ್ನು ನೆಲಕ್ಕೆ ಬಡಿದ, ಇನ್ನೊಮ್ಮೆ ಬಡಿದ. ಚೂರಿ ಜಾರಿತು. ಬುನ್‌ಲೇರ್ಟ್ ಮಾವ ಅದನ್ನು ನೋಡಿದ, ತವಿನ್‌ನ ಮುಖ ನೋಡಿದ. ಚೂರಿಯ ಮೇಲೆ ಕುಕ್ಕರಿಸಿ, "ಅಯ್ಯಪ್ಪಾ, ಮಂಡಿ ಹಿಡ್ಕೊಂಡ್ತು" ಎಂದು ನರಳತೊಡಗಿದ.

"ಬಿಡು ಅಣ್ಣಾ" ಎಂದ ಮೊಟ್ ಕೆಳಗಿನಿಂದ, ಹಲ್ಲು ಕಚ್ಚಿ. "ಅವನು ಇಲ್ಲೇ ಇದಾನೆ. ಬಿಡು."

"ಕಿರುಚೋ. ಹುಲಿ ಥರ ಕಿರುಚು. ಇಲ್ಲಾಂದ್ರೆ ಇಲ್ಲೇ ಸಾಯ್ತೀಯ."

"ಸಾಯ್ತೀನಿ."

"ನಾನು ಇನ್ನೊಂದು ಹೆಣ ಹೊರಲ್ಲ ಕಣೋ. ಕಿರುಚು."

ಮೊಟ್ ಕಿರುಚಿದ. ಅಣ್ಣ ಹೇಳಿದನೆಂದಲ್ಲ, ತಡೆಯಲಾರದೆ ಬಂದ ಕೂಗು ಅದು.

ಸಂಗುವಾನ್ ಕಟ್ಟೆಯಿಂದ ಧುಮುಕಿ ಬಂದ. "ಸರೀರಿ. ಅಂಗಿ ಬಿಚ್ಚಿ ಇವನದು. ಕಣ್ಣು ಬಿಟ್ಕೊಂಡು ಬರೋ ಹುಲಿ ನಾನೆಲ್ಲೂ ನೋಡಿಲ್ಲ."

"ನೀನೇನು ಹುಲಿ ಸಾಕಿದ್ಯೇನಪ್ಪ?" ಎಂದ ಬುನ್‌ಲೇರ್ಟ್ ಮಾವ, ಕೂತಲ್ಲಿಂದ ಏಳದೆ. "ಗುರುಪೂಜೆಯ ಅಂಗಳದಲ್ಲಿ ಚಪ್ಪಲಿ ಹಾಕ್ಕೊಂಡು ನಿಂತಿದೀಯ, ಮೊದಲು ಅದನ್ನ ಬಿಚ್ಚು."

ಸಂಗುವಾನ್ ತವಿನ್‌ನ ಪಕ್ಕೆಗೆ ಒದ್ದು, ಮೊಟ್‌ನ ಅಂಗಿಯನ್ನು ಕೊರಳಿನಿಂದ ಕೆಳಗೆ ಹರಿದ. ಗಡ್ಡ ಇಳಿಬಿಟ್ಟ ಋಷಿ ಬೆವರಿನಲ್ಲಿ ಹೊಳೆಯುತ್ತಿದ್ದ. ಹತ್ತಿರದ ಸಾಲುಗಳಲ್ಲಿ ಗುಸುಗುಸು ಎದ್ದಿತು.

"ಋಷಿ! ಋಷಿ ಯಾವಾಗಿಂದ ನಾಲ್ಕು ಕಾಲಲ್ಲಿ ಓಡ್ತಾನೆ?" ಎಂದು ಅಬ್ಬರಿಸಿದ ಸಂಗುವಾನ್.

"ಋಷಿ ಮೈಮೇಲೆ ಹೊದ್ದಿರೋದೇನು ನೋಡು. ಹುಲಿ ಚರ್ಮ" ಎಂದ ಮಾವ. ಯಾರೂ ನಗಲಿಲ್ಲ. ಸಂಗುವಾನ್‌ನ ಕೈ ಮತ್ತೆ ಕೋಟಿನೊಳಗೆ ಹೋಯಿತು. ತವಿನ್ ತಮ್ಮನ ಬೆನ್ನಿನ ಮೇಲೆ ಅಡ್ಡ ಬಿದ್ದು ಎರಡೂ ತೋಳಿನಿಂದ ಮುಚ್ಚಿಕೊಂಡ. ಅವನ ಅಂಗೈಯ ರಕ್ತ ಋಷಿಯ ಗಡ್ಡದ ಮೇಲೆ ಹರಿಯಿತು.

"ಅವನನ್ನ ಇಲ್ಲಿಗೆ ಕರ್ಕೊಂಡು ಬಾ, ತವಿನ್."

ಧ್ವನಿವರ್ಧಕದಲ್ಲಿ ಅಜ್ಜಯ್ಯನ ದನಿ. ಬಯಲೆಲ್ಲ ಅದನ್ನು ಕೇಳಿತು. ಅವರು ಕರೆದವರನ್ನು ಸಾವಿರಾರು ಶಿಷ್ಯರ ಎದುರು ಯಾವ ಕೋಟಿನವನೂ ತಡೆಯುವಂತಿರಲಿಲ್ಲ.

ತವಿನ್ ತಮ್ಮನನ್ನು ಎಳೆದುಕೊಂಡೇ ಕಟ್ಟೆ ಹತ್ತಿಸಿ, ಅಜ್ಜಯ್ಯನ ಮುಂದೆ ಮಂಡಿಯೂರಿಸಿ, ಹಿಂದಿನಿಂದ ತಬ್ಬಿ ಹಿಡಿದ. ಒಂದು ಮಾರು ದೂರದಲ್ಲಿ ಸಿಯಾ ವಿರೋಟ್‌ನ ಹೊಳೆಯುವ ಬೂಟುಗಳು. ಮೊಟ್‌ನ ಮೈ ಕುದಿಯುವ ಗಡಿಗೆಯ ಮುಚ್ಚಳದಂತೆ ಅದುರುತ್ತಿತ್ತು.

ಅಜ್ಜಯ್ಯ ಆ ಬೆನ್ನನ್ನು ನೋಡಿದರು. ತಮ್ಮ ಕೈಯಿಂದಲೇ ಚುಚ್ಚಿದ ಗೆರೆಗಳು. ಅವರ ಮುಖದಲ್ಲಿ ಸಿಟ್ಟಾಗಲಿ ಅಚ್ಚರಿಯಾಗಲಿ ಇರಲಿಲ್ಲ. ಮೈಮೇಲೆ ಬಂದವರನ್ನು ಕೇಳುವ ರೀತಿಯಲ್ಲೇ ಕೇಳಿದರು: "ಯಾರಪ್ಪ ನೀನು?"

ಮೊಟ್ ತಲೆಯೆತ್ತಿದ. "ಚಲೋಮ್‌ನ ಮಗ."

ಆ ಮಾತು ನಾಲ್ಕೂ ದಿಕ್ಕಿನ ಧ್ವನಿವರ್ಧಕದ ಕಂಬಗಳಿಂದ ಬಯಲಿಗೆ ಬಿತ್ತು.

"ಯಾವ ಚಲೋಮ್?"

"ಚುಮ್‌ಸೇಂಗ್ ಹೊಳೆಯ ಚಲೋಮ್. ಮರಳಿನ ದೋಣಿಗೆ ಅಡ್ಡ ಕೂತಿದ್ದ ಚಲೋಮ್."

"ಅವನಿಗೇನಾಯ್ತು?" ಅಜ್ಜಯ್ಯ ಮೈಕನ್ನು ಮೊಟ್‌ನ ಬಾಯಿಯ ಕಡೆ ಸರಿಸಿದರು.

ಸಿಯಾ ವಿರೋಟ್‌ನ ಕುರ್ಚಿ ಕಿರುಗುಟ್ಟಿತು. ಚುಮ್‌ಸೇಂಗ್ ಕಡೆಯವರು ಆ ಬಯಲಿನಲ್ಲಿ ಎಷ್ಟೋ ಜನ ಇದ್ದರು. ಅಲ್ಲಲ್ಲಿ ತಲೆಗಳು ಎದ್ದವು. ಸಿಯಾ ಹಾರ ಸರಿಮಾಡಿಕೊಂಡು, ನಗುತ್ತಲೇ, ಮೊಟ್ ಬಾಯಿ ತೆರೆಯುವ ಮೊದಲೇ ಮುಂದೆ ಬಗ್ಗಿದ.

"ಅಜ್ಜಯ್ಯಾ, ಮೈಮೇಲೆ ಬಂದವರು ಏನೇನೋ ಆಡ್ತಾರೆ. ಹುಲಿ ಬಂದಿದೆ ಇವನ ಮೇಲೆ. ಪಾಪ, ಬಿಟ್ಬಿಡಿ."

"ಹುಲಿಯೇ?" ಎಂದರು ಅಜ್ಜಯ್ಯ.

"ಹುಲಿಯೇ. ನಾನೇ ಕಣ್ಣಾರೆ ನೋಡಿದೆ."

"ಬೆನ್ನ ಮೇಲೆ ಋಷಿ ಇದಾನಂತಲ್ಲ, ನಿಮ್ಮವನು ಹೇಳ್ತಿದ್ದ."

"ಅವನಿಗೇನು ಗೊತ್ತು, ದಡ್ಡ. ಲೋ ಸಂಗುವಾನ್, ಹೋಗಿ ಕಾರಲ್ಲಿ ಕೂತ್ಕೋ."

ಸಂಗುವಾನ್ ಧಣಿಯ ಮುಖ ನೋಡಿದ. ಆಮೇಲೆ ಕೋಟಿನಿಂದ ಕೈ ತೆಗೆದು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

"ಹುಲಿಯೇ ಆದ್ರೆ ಹುಡುಗನದು ತಪ್ಪಿಲ್ಲ" ಎಂದರು ಅಜ್ಜಯ್ಯ, ಜಪ ಮಾಡುವಷ್ಟು ಮೆಲ್ಲಗೆ.

"ಇಲ್ಲ."

"ಈವತ್ತಿಗೂ ಇಲ್ಲ, ಮುಂದಕ್ಕೂ ಇಲ್ಲ. ಗುರುವಿನ ಮುಂದೆ ಹೇಳ್ತಿದೀರಿ, ಸಿಯಾ."

ಸಿಯಾ ವಿರೋಟ್ ಕಂಚಿನ ಮೂರ್ತಿಯ ಕಡೆ ತಿರುಗಿ ಕೈಮುಗಿದ. ಅವನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು. "ಮುಂದಕ್ಕೂ ಇಲ್ಲ" ಎಂದ.

ಬಯಲು ಒಟ್ಟಿಗೇ ಕೈಮುಗಿಯಿತು. ಸಾಧು, ಸಾಧು ಎಂಬ ಧ್ವನಿ ಅಲೆಯಂತೆ ಬಂತು. ತವಿನ್‌ಗೆ ಅರ್ಥವಾಯಿತು: ತಮ್ಮ ಬದುಕಿದ. ಅಷ್ಟು ಜನರ ಸಾಕ್ಷಿಯಲ್ಲಿ ಬದುಕಿದ. ಆದರೆ ಹುಲಿಯಾಗಿ ಬದುಕಿದ. ಹುಲಿಗೆ ಅಪ್ಪನಿಲ್ಲ, ಅಪ್ಪನ ಹೊಟ್ಟೆಯ ಮೇಲೆ ಬಿದ್ದ ಸರಪಳಿಯೂ ಇಲ್ಲ.

"ಇಳಿಸು ತವಿನ್" ಎಂದರು ಅಜ್ಜಯ್ಯ. ಅವರ ಕಣ್ಣುಗಳು ಈಗ ಒದ್ದೆಯಾಗಿದ್ದವು.

ತವಿನ್ ತಮ್ಮನ ಕಿವಿ ಹಿಡಿದು ಉಜ್ಜಿದ. ಆಗ ಮೊಟ್ ಮೈಕಿನ ಕಡೆ ಕತ್ತು ಚಾಚಿದ. "ಹುಲಿ ಅಲ್ಲ" ಎಂದ. "ನಾನು ಹುಲಿ ಅಲ್ಲ. ನಮ್ಮಪ್ಪನ್ನ ಇವನು—"

ತವಿನ್ ಸೀಳಿದ ಅಂಗೈಯನ್ನು ತಮ್ಮನ ಬಾಯಿಗೆ ಒತ್ತಿದ.

ಒಳಗೆ ಸಿಕ್ಕಿಕೊಂಡ ಮಾತು ಆ ಕೈಯನ್ನು ಸುಟ್ಟಿತು. ಮೊಟ್ ಕೊಸರಿದ, ಒದ್ದ, ಮೊಣಕೈಯಿಂದ ಅಣ್ಣನ ಮುರಿದ ಮೂಗಿಗೆ ಹೊಡೆದ. ತವಿನ್ ಒತ್ತಿದ್ದ ಕೈ ತೆಗೆಯಲಿಲ್ಲ. ಕೊನೆಗೆ ಮೊಟ್ ಕಚ್ಚಿದ. ಚೂರಿ ಮಾಡಿದ್ದ ಗಾಯದೊಳಕ್ಕೇ ಹಲ್ಲು ಇಳಿಸಿ ಕಚ್ಚಿದ. ರಕ್ತ ಅವನ ಗದ್ದದಿಂದ ಕಟ್ಟೆಯ ಕಲ್ಲಿಗೆ ತೊಟ್ಟಿಕ್ಕಿತು. ತವಿನ್ ಕಣ್ಣು ಮುಚ್ಚಿದ. ನೋವು ತಲೆಯವರೆಗೆ ಏರಿತು, ಅಲ್ಲೇ ನಿಂತಿತು, ಅವನ ಬಾಯಿಯಲ್ಲಿ ಬುದ್ಧನ ಹೆಸರು ಬಂತು, ಅಪ್ಪನ ಹೆಸರು ಬಂತು, ಮತ್ತೆ ಬುದ್ಧನ ಹೆಸರು ಬಂತು.

"ಇನ್ನೂ ಇಳಿದಿಲ್ಲ" ಎಂದು ಮುಂದಿನ ಸಾಲಿನ ಮುದುಕನೊಬ್ಬ ಭಕ್ತಿಯಿಂದ ಪಿಸುಗುಟ್ಟಿದ. "ಎಂಥ ಹುಲಿ ಅಂತೀನಿ."

ಕಟ್ಟೆಯ ಕೆಳಗೆ ಗಂಡಸರು ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸುತ್ತಿದ್ದರು. ಸಿಯಾ ವಿರೋಟ್ ಎದ್ದು, ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಹಿಂದಿನ ಮೆಟ್ಟಿಲಿನಿಂದ ಬೇಗಬೇಗ ಇಳಿದು ಹೋದ. ಅವನ ಕಾರಿನ ಸದ್ದು ಏಳುವವರೆಗೂ, ಎದ್ದು, ಗೇಟು ದಾಟಿ, ಕೇಳಿಸದಾಗುವವರೆಗೂ ತವಿನ್ ತಮ್ಮನನ್ನು ತಬ್ಬಿಕೊಂಡೇ ಇದ್ದ, ಕೈಯನ್ನು ಅವನ ಹಲ್ಲುಗಳ ನಡುವೆಯೇ ಬಿಟ್ಟು.